ಜೆರೂಸಲೆಮ್ಮಿನ ಗೋಡೆಯಲ್ಲಿ ಜವೆ

ರೋಮನ್ನು ನಾಲ್ಕು ಸಲ ಕಟ್ಟಿದ್ದೇನೆ,
ಜೆರೂಸಲೆಮ್ಮನ್ನು ಏಳು ಸಲ.
ಒಮ್ಮೆ ಟಿಬೆಟ್ಟು. ಒಮ್ಮೆ, ಹೆಸರೇ ಇಲ್ಲದ ಯಾವುದೋ ಗ್ರಹದ
ಸಾರಿಗೆ ಕಚೇರಿ.
ಎಲ್ಲವೂ ವರ್ಜಾಜತ್ತಿನ ಈ ಬಯಲಲ್ಲೇ,
ಮಸೀದಿಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ.

ಅರಮನೆ ಎತ್ತಲು ಇಬ್ಬರು ಸಾಕು.
ಕಂಬ ನಾಲ್ಕು ಆಳೆತ್ತರ, ತೂಕ ಒಂದು ಮೇಕೆಮರಿಯಷ್ಟು:
ಒಳಗೆಲ್ಲ ಥರ್ಮೋಕೋಲ್, ಹೊರಗೆ ನನ್ನ ಗಾರೆ,
ಅದರ ಮೇಲೆ ಎರಡು ಸಾವಿರ ವರ್ಷದ ಪಾಚಿ,
ಬಣ್ಣದ ಮಿಮೂನ್ ಊಟಕ್ಕೆ ಮೊದಲು ಬಳಿದದ್ದು.
ಕಣ್ಣಿಗೆ ಮಣ್ಣೆರಚುವ ಕಸುಬು ನಮ್ಮದು;
ಮೂವತ್ತು ವರ್ಷ
ಒಂದು ಹಿಡಿ ಮಣ್ಣೂ ಬಳಸದೆ ಎರಚಿದೆವು.

ಕ್ಯಾಮೆರಾ ಹೋಗುತ್ತದೆ, ಅರಮನೆ ಉಳಿಯುತ್ತದೆ.
ಗಾಳಿಗೆ ಹಲ್ಲು ಬಂದು
ಮೂಲೆಮೂಲೆ ಕಡಿದು ಬಿಳಿ ಕಾಳು ಉದುರಿಸುತ್ತದೆ.
ಬೆಳ್ಳಗಿದ್ದದ್ದೆಲ್ಲ ಹಾಲಲ್ಲವೆಂದು ಮೇಕೆಗೆ ಯಾರು ಹೇಳಬೇಕು?
ಅತ್ತಿಗೆ ತೂಡಾಳ ಮೇಕೆ ಹೊಟ್ಟೆಯುಬ್ಬರಿಸಿ ಸತ್ತಾಗ
ಸೀಳಿದವನು ನಾನು.
ಒಂದು ಬೆರಳು ಸಿಕ್ಕಿತು, ಚಿನ್ನದ ಬಣ್ಣದ್ದು,
ಉಗುರಿನ ಸಮೇತ.
ಯಾವ ದೇವರದ್ದೋ ಗೊತ್ತಾಗಲಿಲ್ಲ.
ಉಗುರು ಮಾತ್ರ ನನ್ನ ಕೈಕೆಲಸವೇ.
ತೂಡಾ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಹೋದ ಚಳಿಗಾಲದ ಕಂಪನಿಯ ಜೊತೆ
ಲೀಸ್ಬೆತ್ ಬಂದಳು, ಬೆಲ್ಜಿಯಮ್ಮಿನವಳು, ಕೈಯಲ್ಲಿ ಕೊಕ್ಕೆ ತಕ್ಕಡಿ.
ಜನರೇಟರು ಕುಡಿದ ಡೀಸೆಲ್ಲು,
ಸೈನಿಕರು ಕುಡಿದೆಸೆದ ಬಾಟಲಿ,
ಯಾರೂ ಮುಟ್ಟದ ಮುನ್ನೂರು ತಟ್ಟೆ ಊಟ
ಎಲ್ಲ ಬರೆದುಕೊಂಡಳು.
ಹೆಗಲ ಮೇಲೆ ಕೂತು ಪಾಪ ಬರೆಯುವ ದೇವದೂತನಿಗೆ
ಈಗ ಪಗಾರವಂತೆ, ಟೋಪಿಯಂತೆ, ಎಂದು ನಾವು ನಕ್ಕೆವು.
ತಾನು ಬಂದ ವಿಮಾನವನ್ನೂ ಬರೆದಿದ್ದಳು,
ಮೊದಲ ಸಾಲಿನಲ್ಲೇ.

"ಬಾಸ್ಸೋ, ಇದೆಲ್ಲ ಬರುವ ಮೊದಲು
ನಿಮ್ಮೂರಲ್ಲಿ ಗೋಡೆ ಹೇಗೆ ಕಟ್ಟುತ್ತಿದ್ದರು?"
ಅಪ್ಪನ ಮರದ ಅಚ್ಚು
ಕೋಳಿಗೂಡಿನ ಬಾಗಿಲಾಗಿತ್ತು.
ಕೋಳಿಗಳ ಅಪ್ಪಣೆ ಕೇಳಿ ಬಿಚ್ಚಿದೆ.

ಹೊಳೆಯಂಚಿನ ಮಣ್ಣು, ಜವೆಯ ಹುಲ್ಲು, ನೀರು
(ನೀರಿಗೂ ಲೆಕ್ಕ ಹಿಡಿದಳು; ಸರಿಯೇ, ಬಾವಿ ನಮ್ಮದು)
ತುಂಬಿ, ತುಳಿದು, ದಮ್ಮಸು ಹೊಡೆದು
ಇಪ್ಪತ್ತು ಜನ, ಒಂದೂವರೆ ತಿಂಗಳು.
ನಿರ್ದೇಶಕ ಬಂದ. ನೋಡಿದ. ಮುಟ್ಟಿದ.
"ನಿಜದ ಗೋಡೆಯ ಹಾಗೆ ಕಾಣುತ್ತಿಲ್ಲ" ಅಂದ.
ಮಿಮೂನ್ ಮತ್ತೆ ಪಾಚಿ ಬಳಿದ.

ಶೂಟಿಂಗಿನ ಒಂಬತ್ತನೆಯ ಬೆಳಿಗ್ಗೆ
ನೆರೆಯಾ ಚೀರಿದಳು, ಕಂಟಿನ್ಯುಟಿ ನೋಡುವ ಹುಡುಗಿ,
ಮೊನ್ನೆಯ ಫೋಟೋ ಕೈಯಲ್ಲಿ, ಇವತ್ತಿನ ಗೋಡೆ ಎದುರಲ್ಲಿ.
ಮೊನ್ನೆ ಬೋಳು. ಇವತ್ತು ಹಸಿರು.
ಹುಲ್ಲಿನಲ್ಲಿ ಉಳಿದ ಕಾಳು
ಎರಡು ರಾತ್ರಿಯ ಸೋನೆಗೆ ಕಣ್ಣು ಬಿಟ್ಟಿತ್ತು.
ರಾಣಿ ಬಾಗಿಲಲ್ಲಿ ಅಳುವ ದೃಶ್ಯ ಅರ್ಧಕ್ಕೆ ನಿಂತಿದೆ;
ಒಂದು ಹನಿ ಕೆನ್ನೆಗಿಳಿಯುವಷ್ಟರಲ್ಲಿ
ಗೋಡೆ ಒಂದು ಬೆರಳು ಬೆಳೆದರೆ
ಯಾರು ನಂಬುತ್ತಾರೆ?

ಅಂದಿನಿಂದ ನನ್ನ ಕೆಲಸ
ನಸುಕಿಗೆ ಏಣಿ ಹತ್ತಿ, ಮೇಕಪ್ಪಿನವರ ಹುಬ್ಬಿನ ಚಿಮಟದಲ್ಲಿ
ಪವಿತ್ರ ನಗರದ ಗಲ್ಲ ನುಣ್ಣಗೆ ಮಾಡುವುದು.
ದಿನಕ್ಕೆ ಐವತ್ತು ದಿರ್ಹಮ್ ಹೆಚ್ಚು.
ಕಿತ್ತದ್ದು ಜೇಬಿಗೆ, ಸಂಜೆ ತೂಡಾಳ ಕೊಟ್ಟಿಗೆಗೆ.
ಮೇಕೆ ಮೂಸಿತು,
ಬಹಳ ಹೊತ್ತು ಮೂಸಿತು,
ಆಮೇಲೆ ತಿಂದಿತು.

ಕಂಪನಿ ಹೋಯಿತು.
ಟ್ರಕ್ಕುಗಳ ಹೊಗೆ ಲೀಸ್ಬೆತ್‌ಳ ಪುಸ್ತಕದ ಕೊನೆಯ ಪುಟ.
ಎಷ್ಟು ಉಳಿಯಿತು ಎಂದು ಕೇಳಿದೆ.
"ಸ್ವಲ್ಪ" ಅಂದಳು. ಸುಳ್ಳು ಹೇಳಲಿಲ್ಲ.
ನಾಲ್ಕೂ ರೋಮ್ ಇನ್ನೂ ಬಯಲಲ್ಲಿ ಕಾಳು ಉದುರಿಸುತ್ತಿವೆ,
ಅವನ್ನು ಯಾರ ಪುಸ್ತಕಕ್ಕೆ ಬರೆಯುವುದೋ.

ಈ ಏಳನೆಯ ಜೆರೂಸಲೆಮ್ ಮಾತ್ರ
ಮೊದಲ ಮಳೆಗೆ ಹೆಗಲಿಳಿಸಿತು,
ಎರಡನೆಯದಕ್ಕೆ ಕೂತಿತು.
ಚಿಮಟ ಜೇಬಿನಲ್ಲೇ ಇದೆ. ನಸುಕಿಗೆ ಎಚ್ಚರವೂ ಆಗುತ್ತದೆ.
ಹೋಗಿ ನಿಲ್ಲುತ್ತೇನೆ ಬಾಗಿಲಿದ್ದ ಜಾಗದಲ್ಲಿ.
ರಾಣಿ ಅತ್ತಲ್ಲಿ ಮೊಣಕಾಲೆತ್ತರ ಜವೆ.
ಇವತ್ತಿನದು ನಿನ್ನೆಯ ಹಾಗಿಲ್ಲ.
ಯಾರೂ ಚೀರುವುದಿಲ್ಲ.